ಕೊಳವೆ ದುರಸ್ತಿಯವರ ಚರಿತ್ರೆ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ನಮ್ಮ ಗೆಳೆಯರೊಬ್ಬರ ಹಿರಿಯರ ಮನೆಯಿದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆಗಳು, ಮೇಲೆ ಮಣ್ಣಿನ ಮಾಳಿಗೆ. ಮನೆಗೆ ನಲ್ಲಿ ಬಂದ ಕಾಲದಲ್ಲಿ ಗೋಡೆಯನ್ನು ಸೀಳಿ ಕಬ್ಬಿಣದ ಪೈಪು ಹುಗಿಸಿ ಮೇಲೆ ಗಾರೆ ಬಳಿಸಿದ್ದರು. ಬಚ್ಚಲಲ್ಲಿ ತಾಮ್ರದ ಬಾಯ್ಲರೊಂದಿದೆ. ನಡುವೆ ಹೊಗೆಯ ಕೊಳವೆ, ಸುತ್ತ ನೀರು, ಕೆಳಗೆ ಕಟ್ಟಿಗೆ ಒಲೆ. ಅದರಿಂದ ಬಿಸಿನೀರು ಹೋಗುವುದಕ್ಕೂ ಒಂದು ಸಣ್ಣ ಪೈಪು. ಕೆಲವು ದಿನಗಳಿಂದ ತಣ್ಣೀರಿನ ನಲ್ಲಿಯಲ್ಲಿ ನೀರು ನೂಲಿನಂತೆ ಇಳಿಯುತ್ತಿತ್ತು, ಬಿಸಿನೀರಿನದು ಪೂರ್ತಿ ನಿಂತೇ ಹೋಗಿತ್ತು. ಗೋಡೆಯಲ್ಲಿ ತೇವ ಕಂಡಿತು. ಮಣ್ಣಿನ ಗೋಡೆಗೆ ತೇವ ಹತ್ತಿತೆಂದರೆ ಅದು ಬರೀ ನಲ್ಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಚಳ್ಳಕೆರೆಯಿಂದ ನಲ್ಲಿ ಕೆಲಸದವರನ್ನು ಕರೆಸಿದರು. ನಾವು ಹೋದ ಹೊತ್ತಿಗೆ ಅವರು ಗೋಡೆ ಒಡೆದು ಒಂದು ಮೊಳದಷ್ಟು ಪೈಪು ಕತ್ತರಿಸಿ ಹೊರಗಿಟ್ಟಿದ್ದರು.

ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆವು. ಹೊರಗೆ ತುಕ್ಕು, ಒಳಗೆ ಬಿಳಿ ಹಳದಿಯ ಗಟ್ಟಿ ಹೊರಪು. ನಡುವೆ ಪೆನ್ಸಿಲ್ ತೂರುವಷ್ಟೇ ಜಾಗ. ಬಿಸಿನೀರಿನ ಪೈಪಿನಲ್ಲಿ ಅಷ್ಟೂ ಇರಲಿಲ್ಲ.

"ಇದು ಪೈಪಲ್ಲ ಸಾರ್, ಸುಣ್ಣದ ಕಲ್ಲಾಗೈತೆ. ಒಂದು ಕಡೆ ಮುಟ್ಟಿದ್ರೆ ಎಲ್ಲಾ ಕಡೆ ಮುಟ್ಬೇಕಾಗ್ತೈತೆ" ಎಂದರು ಕೆಲಸದವರು.

ಈ ಪೈಪನ್ನು ಹಾಕಿದವರು ಯಾರು ಎಂದು ಕೇಳಿದೆವು. ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮನೆ ಕಟ್ಟಿಸಿದ ಮುತ್ತಜ್ಜನ ಹೆಸರು ಮಕ್ಕಳಿಗೂ ಗೊತ್ತು, ಅವರು ತೊಲೆಗೆ ಮರ ಎಲ್ಲಿಂದ ತರಿಸಿದರೆಂಬ ಕತೆಯೂ ಇದೆ. ಇಷ್ಟು ವರ್ಷ ಈ ಮನೆಗೆ ನೀರು ಹರಿಸಿದ ಕೈ ಯಾರದೆಂದು ಮಾತ್ರ ಗೊತ್ತಿಲ್ಲ. ಗೆಳೆಯರ ತಾಯಿ ಸ್ವಲ್ಪ ಯೋಚಿಸಿ, "ಪೈಪಿನೋರು ಯಾರೋ ಕಾಣೆ ಕಣಪ್ಪ. ಬಾಯ್ಲರ್ ಸೋರಿದ್ರೆ ಮಾತ್ರ ಕಲಾಯಿ ಸಾಬಣ್ಣ ಬೆಸುಗೆ ಹಾಕಿ ಕೊಡ್ತಿದ್ದ" ಎಂದರು. ಆ ಸಾಬಣ್ಣನ ಹೆಸರೇನೆಂದು ಕೇಳಿದರೆ ಅದೂ ಗೊತ್ತಿಲ್ಲ. ಸಾಬಣ್ಣ ಅಷ್ಟೆ.

ಚರಿತ್ರೆಯೂ ಹೀಗೆಯೇ ನಡೆದುಕೊಂಡಿದೆ ಎಂಬುದು ನಮ್ಮ ಅನಿಸಿಕೆ. ಕೆರೆ, ಬಾವಿ, ಕಾಲುವೆ, ಹಮಾಮು, ಇವುಗಳನ್ನು ಕಟ್ಟಿಸಿದವರ ಹೆಸರನ್ನು ಶಾಸನಗಳು ಹೇಳುತ್ತವೆ. ಅವನ್ನು ನೂರಾರು ವರ್ಷ ನಡೆಸಿಕೊಂಡು ಬಂದದ್ದು ಕಟ್ಟಿಸಿದವರಲ್ಲ. ಹೂಳೆತ್ತಿದವರು, ಬೆಸುಗೆ ಹಾಕಿದವರು, ಕೊಳವೆಯ ಕಟ್ಟು ಬಿಡಿಸಿದವರು. ಅವರನ್ನು ಹುಡುಕಿ ಹೋದರೆ ಕಲ್ಲಿನಲ್ಲಿ ಏನೂ ಸಿಗುವುದಿಲ್ಲ. ಆದರೆ ಆ ಕಟ್ಟಡಗಳ ರಚನೆಯಲ್ಲೇ ಅವರ ಗುರುತು ಉಳಿದಿರುತ್ತದೆ. ಆ ಗುರುತನ್ನು ಓದುವುದು ಈ ಬರೆಹದ ಉದ್ದೇಶ.

ಮೊದಲು ಪೈಪು ಏಕೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ನೋಡೋಣ. ಚಳ್ಳಕೆರೆ ನಮ್ಮ ರಾಜ್ಯದಲ್ಲೇ ಮಳೆ ತೀರ ಕಡಿಮೆ ಬೀಳುವ ತಾಲ್ಲೂಕುಗಳಲ್ಲೊಂದು. ಈ ಸೀಮೆಯ ಬಹುಪಾಲು ಹಳ್ಳಿಗಳು ಬೋರ್‌ವೆಲ್ಲನ್ನು ನಂಬಿ ಬದುಕಿದವು. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದರ ಜೊತೆಗೆ ನೀರು ಗಡಸು. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ ಎಂದು ಹೆಂಗಸರು ಹೇಳುವ ನೀರು ಇದೇ. ಇಂಥ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ನೀರನ್ನು ಕಾಯಿಸಿದರೆ ಅದು ಕರಗಿದ ಸ್ಥಿತಿಯಿಂದ ಬಿಟ್ಟು ಬಂದು ಪಾತ್ರೆಯ ಗೋಡೆಗೆ ಅಂಟುತ್ತದೆ. ಅದಕ್ಕೇ ಒಂದೇ ಮನೆಯಲ್ಲಿ, ಒಂದೇ ನೀರಿನಲ್ಲಿ, ಬಿಸಿನೀರಿನ ಪೈಪು ಮೊದಲು ಸಾಯುತ್ತದೆ. ಬಾಯ್ಲರಿನ ತಳದಲ್ಲೂ ಇದೇ ಹೊರಪು ಕೂತರೆ ಬೆಂಕಿಯ ಶಾಖ ನೀರಿಗೆ ಸರಿಯಾಗಿ ತಲುಪದೆ ಕಟ್ಟಿಗೆ ಹೆಚ್ಚು ಬೇಕಾಗುತ್ತದೆ, ಕೊನೆಗೆ ತಳ ಸುಟ್ಟು ಸೋರುತ್ತದೆ.

ಕಬ್ಬಿಣದ ಪೈಪಿಗೆ ಇನ್ನೊಂದು ದೌರ್ಬಲ್ಯವಿದೆ. ತುಕ್ಕು ಹಿಡಿಯದಿರಲೆಂದು ಅದಕ್ಕೆ ಸತುವಿನ ಲೇಪ ಕೊಟ್ಟಿರುತ್ತಾರೆ. ಆದರೆ ಎರಡು ಪೈಪು ಕೂಡಿಸಲು ತುದಿಗೆ ಮರೆ ಕೊರೆದಾಗ ಆ ಲೇಪ ಅಲ್ಲಿ ಕಿತ್ತುಹೋಗುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಅನುಭವಸ್ಥ ಕೆಲಸದವರು ಸೋರಿಕೆಯನ್ನು ಗೋಡೆಯ ನಡುವೆ ಹುಡುಕುವುದಿಲ್ಲ, ನೇರವಾಗಿ ಜಾಯಿಂಟಿಗೆ ಕೈ ಹಾಕುತ್ತಾರೆ. ನಮ್ಮ ಕಣ್ಣೆದುರೇ ಅವರು ಹಳೆಯ ಎಲ್ಬೋ ಒಂದನ್ನು ಬಿಚ್ಚಿದಾಗ ಮರೆಯ ಸುತ್ತ ಸಣಬಿನ ನಾರು, ಒಣಗಿದ ಸಫೇದ ಹಾಗೇ ಇತ್ತು. ಹೆಸರು ಗೊತ್ತಿಲ್ಲದ ಆ ಮೊದಲ ಕೆಲಸಗಾರ ನಾರನ್ನು ಅಚ್ಚುಕಟ್ಟಾಗಿ, ಮರೆಯ ದಿಕ್ಕಿಗೇ ಸುತ್ತಿದ್ದ. "ಒಳ್ಳೆ ಕೈ" ಎಂದರು ಇವರು. ಆತನ ಬಗ್ಗೆ ಉಳಿದಿರುವ ದಾಖಲೆ ಅದೊಂದೇ.

ಈ ಕಸುಬಿಗೆ ಇಂಗ್ಲಿಷಿನಲ್ಲಿ ಪ್ಲಂಬರ್ ಎಂಬ ಹೆಸರು ಬಂದದ್ದು ಸೀಸಕ್ಕೆ ಲ್ಯಾಟಿನ್ನಿನಲ್ಲಿರುವ ಪ್ಲಂಬಮ್ ಎಂಬ ಮಾತಿನಿಂದ. ರೋಮನರು ಸೀಸದ ಕೊಳವೆಗಳನ್ನು ಹೆಚ್ಚಾಗಿ ಬಳಸುತ್ತಿದ್ದರು. ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಮಾತ್ರ ಸೀಸಕ್ಕಿಂತ ಸುಟ್ಟ ಮಣ್ಣಿನ ಕೊಳವೆಯೇ ಮೇಲೆಂದು ವಾದಿಸಿದ. ಅದಕ್ಕೆ ಅವನು ಕೊಟ್ಟ ಕಾರಣಗಳು ಎರಡು. ಸೀಸ ಆರೋಗ್ಯಕ್ಕೆ ಕೆಟ್ಟದ್ದು ಎಂಬುದು ಒಂದು. ಇನ್ನೊಂದು ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮಣ್ಣಿನ ಕೊಳವೆ ಕೆಟ್ಟರೆ ಯಾರು ಬೇಕಾದರೂ ಅದನ್ನು ಸರಿಮಾಡಬಹುದು, ವಿಶೇಷ ಪರಿಣತಿ ಬೇಕಿಲ್ಲ ಎಂದ. ಒಂದು ವಸ್ತುವನ್ನು ಆರಿಸುವಾಗಲೇ ಅದನ್ನು ನಾಳೆ ದುರಸ್ತಿ ಮಾಡುವವನ ಮುಖವನ್ನು ನೆನೆಸಿಕೊಂಡ ಮಾತಿದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಹೇಳಿಕೊಡುತ್ತಾರೋ ಇಲ್ಲವೋ.

ಕರ್ನಾಟಕದಲ್ಲಿ ಈ ವಿವೇಕಕ್ಕೆ ಉದಾಹರಣೆಗಳು ದೂರವಿಲ್ಲ. ದೊಡ್ಡಉಳ್ಳಾರ್ತಿಯವರಿಗೆ ಜಿಲ್ಲಾಕೇಂದ್ರವಾದ ಚಿತ್ರದುರ್ಗದ ಕೋಟೆಯಲ್ಲಿ ಬೆಟ್ಟದ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕೆ ಇಳಿದು, ಹಾಗೇ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ಮೆಟ್ಟಿಲಿಳಿದಂತೆ ಬರುತ್ತಿತ್ತು. ಒಂದೊಂದು ಹೊಂಡದಲ್ಲೂ ನೀರು ನಿಂತು, ಮಣ್ಣನ್ನು ಬಿಟ್ಟು, ತಿಳಿಯಾಗಿ ಮುಂದೆ ಹೋಗುತ್ತದೆ. ಹೂಳೆತ್ತಬೇಕಾದ ಜಾಗ ಯಾವುದೆಂದು ಕಟ್ಟುವಾಗಲೇ ಗೊತ್ತಿರುತ್ತದೆ. ಇದೇ ತತ್ವವನ್ನು ನೆಲದಡಿಯ ಕೊಳವೆಗೆ ಅಳವಡಿಸಿ, ಒಂದು ಮಹಾನಗರಕ್ಕೆ ನೀರು ಕೊಟ್ಟವರು ವಿಜಯಪುರದ ಆದಿಲ್‌ಶಾಹಿಗಳು.

1490ರಿಂದ 1686ರವರೆಗೆ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರ ದಖನ್ನಿನ ಅತಿದೊಡ್ಡ ನಗರಗಳಲ್ಲೊಂದು. ಸುತ್ತ ನದಿಯಿಲ್ಲ. ಬಯಲು, ಕಪ್ಪು ಕಲ್ಲು, ಕಡಿಮೆ ಮಳೆ. ನಮ್ಮ ಚಳ್ಳಕೆರೆಗಿಂತ ಮೇಲೇನೂ ಅಲ್ಲ. ಮೊದಲು ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದರು. ಒಂದನೇ ಅಲಿ ಆದಿಲ್‌ಶಾಹನ ಕಾಲದ ಕೆಲಸ ಅದೆಂದು ಹೇಳುತ್ತಾರೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕಂಡಿ ತೆರೆದಿದ್ದರು. ಗಾಳಿ ಬೆಳಕಿಗೆ ಅವು ಬೇಕು, ಹೂಳೆತ್ತಲು ಮನುಷ್ಯರು ಇಳಿಯಬೇಕಾದದ್ದೂ ಅವುಗಳಿಂದಲೇ. ನಗರ ಬೆಳೆದಂತೆ ಅದು ಸಾಲದಾಯಿತು. ಎರಡನೇ ಇಬ್ರಾಹೀಮನ ಕಾಲದಲ್ಲಿ, 1620ರ ಸುಮಾರಿಗೆ, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ ಮಲಿಕ್ ಸಂದಲ್ ತಾಜ್ ಬಾವಡಿ ಕಟ್ಟಿಸಿದ. ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದ. ಗೋಲಗುಂಬಜ್ ಕಟ್ಟಿಸಿದವನೂ ಇವನೇ. ಪ್ರವಾಸಿಗರು ಗುಂಬಜದಲ್ಲಿ ಪಿಸುಮಾತು ಕೇಳಿಸಿಕೊಂಡು ಮರಳುತ್ತಾರೆ. ಬೇಗಂ ತಲಾಬಿನ ಕೊಳವೆ ಸಾಲನ್ನು ನೋಡಲು ಹೋಗುವವರು ಕಡಿಮೆ.

ಆ ಕೊಳವೆಗಳನ್ನು ಹೇಗೆ ಹಾಕಿದ್ದರೆಂಬುದು ನೋಡುವಂಥದ್ದು. ಕೊಳವೆಗಳನ್ನು ಒಂದರೊಳಗೊಂದು ತೂರಿಸಿ, ಸುತ್ತ ಸುಣ್ಣದ ಗಾರೆಯ ಕಟ್ಟಡ ಮಾಡಿದ್ದರು. ನೆಲದ ಏರಿಳಿತಕ್ಕೆ ತಕ್ಕಂತೆ ಅವು ಸುಮಾರು 15 ಅಡಿಯಿಂದ 50 ಅಡಿಯವರೆಗೂ ಆಳದಲ್ಲಿ ಹೋಗುತ್ತಿದ್ದವು. ಅಷ್ಟು ಆಳದಲ್ಲಿರುವ ಮಣ್ಣಿನ ಕೊಳವೆಗೆ ಎರಡು ಅಪಾಯ. ಒಂದು, ನೀರಿನ ಒತ್ತಡಕ್ಕೆ ಒಡೆಯುವುದು. ಇನ್ನೊಂದು, ಹೂಳು ಕಟ್ಟುವುದು. ಎರಡಕ್ಕೂ ಅವರು ಕಂಡುಕೊಂಡ ಪರಿಹಾರ ಒಂದೇ. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಸುಮಾರು 25ರಿಂದ 40 ಅಡಿ ಎತ್ತರದ ಚೌಕ ಗೋಪುರಗಳನ್ನು ಕಟ್ಟಿದರು. ಅವನ್ನು ಗಂಜ್ ಎನ್ನುತ್ತಾರೆ. ನೀರು ಗೋಪುರದೊಳಗೆ ತನ್ನ ಮಟ್ಟಕ್ಕೆ ತಾನು ಏರುತ್ತದೆ, ಅಲ್ಲಿ ಗಾಳಿಗೆ ತೆರೆದುಕೊಂಡು ಒತ್ತಡ ಕಳೆದುಕೊಳ್ಳುತ್ತದೆ, ಮತ್ತೆ ಇಳಿದು ಮುಂದಿನ ಕೊಳವೆಗೆ ಹೋಗುತ್ತದೆ. ಹಾಗೆ ತಂಗುವಾಗ ಅದರಲ್ಲಿನ ಮಣ್ಣು ಗೋಪುರದ ತಳದಲ್ಲಿ ಕೂರುತ್ತದೆ. ಹೂಳು ಮೈಲುಗಟ್ಟಲೆ ಕೊಳವೆಯಲ್ಲಿ ಹರಡಿಕೊಳ್ಳುವ ಬದಲು, ಮನುಷ್ಯನ ಕೈಗೆ ಸಿಗುವ ಜಾಗದಲ್ಲಿ ಬಂದು ಶೇಖರವಾಗುತ್ತದೆ.

ನಾವು ಹೇಳಬೇಕೆಂದಿರುವುದು ಇದನ್ನೇ. ಗಂಜ್ ಎಂದರೆ ದುರಸ್ತಿಯವನಿಗಾಗಿ ಕಟ್ಟಿದ ಕಟ್ಟಡ. ನೀರು ಹರಿದರೆ ಸಾಕೆಂದಿದ್ದವರು ಅದನ್ನು ಕಟ್ಟುತ್ತಿರಲಿಲ್ಲ. ಇದು ಕೆಡುತ್ತದೆ, ಯಾರೋ ಒಬ್ಬ ಬಂದು ಸರಿಪಡಿಸಬೇಕಾಗುತ್ತದೆ, ಅವನಿಗೆ ದಾರಿ ಬಿಡಬೇಕು ಎಂದು ತಿಳಿದವರು ಕಟ್ಟಿದ್ದು. ಈ ಹೆಸರಿಲ್ಲದ ಮನುಷ್ಯ ಆದಿಲ್‌ಶಾಹಿ ವಾಸ್ತುಶಿಲ್ಪಿಯ ಕಣ್ಣ ಮುಂದಿದ್ದ. ಆಸಾರ್ ಮಹಲಿನ ಮುಂದಿನ ದೊಡ್ಡ ಹೌಜಿಗೆ ಬೇಗಂ ತಲಾಬಿನಿಂದ ನೀರು ಬರುತ್ತಿತ್ತು. ಪೈಗಂಬರರದೆಂದು ನಂಬಿ ಕಾಪಾಡಿದ ಪವಿತ್ರ ಕೇಶವಿರುವ ಆ ಮಹಲಿಗೆ ಬರುತ್ತಿದ್ದ ಸುಲ್ತಾನರ ಹೆಸರು ನಮಗೆ ಗೊತ್ತು. ಗಂಜ್‌ಗಳಿಗೆ ಇಳಿದು ಕೆಸರೆತ್ತುತ್ತಿದ್ದವರ ಹೆಸರು ಒಂದೂ ಗೊತ್ತಿಲ್ಲ.

ಇಸ್ತಾಂಬುಲ್ ನಗರದಲ್ಲಿ ಒಟ್ಟೊಮನರು ಇಂಥದೇ ಗೋಪುರಗಳನ್ನು ಕಟ್ಟಿದ್ದರು. ಅವಕ್ಕೆ ಅವರು ನೀರಿನ ತಕ್ಕಡಿ ಎಂಬ ಅರ್ಥದ ಹೆಸರಿಟ್ಟಿದ್ದರು. ಅಲ್ಲಿ ಸುಯೋಲ್ಜು ಎಂಬ ನೀರುದಾರಿ ಕೆಲಸಗಾರರ ಪಡೆಯೇ ಇತ್ತು. ಕಾಲುವೆಯ ದಾರಿಯ ಹಳ್ಳಿಗಳವರಿಗೆ ದುರಸ್ತಿಯ ಹೊಣೆ ಹೊರಿಸಿ ಕೆಲವು ತೆರಿಗೆಗಳ ವಿನಾಯಿತಿ ಕೊಡುತ್ತಿದ್ದರು. ಇರಾನಿನಲ್ಲಿ ನೆಲದಡಿ ಕಾಲುವೆಗಳನ್ನು ತೋಡುವ, ಹೂಳೆತ್ತುವ ಮುಖನ್ನಿಗಳೆಂಬ ಕಸುಬುದಾರರಿದ್ದರು. ಯಜ್ದ್ ನಗರದ ಮುಖನ್ನಿಗಳು ಹೆಸರುವಾಸಿ. ಮಕ್ಕಾದ ಹಾಜಿಗಳ ನೀರಡಿಕೆ ತೀರಿಸಲು ಖಲೀಫ ಹಾರೂನ್ ಅಲ್ ರಶೀದರ ಪತ್ನಿ ಜುಬೈದಾ ತೋಡಿಸಿದ ಕಾಲುವೆಯ ಕತೆ ನಮ್ಮ ಮನೆಗಳಲ್ಲಿ ಬಹಳ ಮಂದಿಗೆ ಗೊತ್ತು. ಅದು ಆಗಾಗ ಹೂಳಿ ಕೆಟ್ಟಿತ್ತು, 16ನೇ ಶತಮಾನದಲ್ಲಿ ಸುಲೈಮಾನ್ ಸುಲ್ತಾನನ ಮಗಳು ಮಿಹ್ರಿಮಾ ತನ್ನ ಹಣದಿಂದ ಅದರ ದುರಸ್ತಿ ಮಾಡಿಸಿದಳು ಎಂಬುದು ಅಷ್ಟಾಗಿ ಗೊತ್ತಿಲ್ಲ. ಜುಬೈದಾಳ ಕಾಲುವೆ ಎಂದೇ ಕರೆಯುತ್ತೇವೆ. ತಪ್ಪೇನಲ್ಲ. ಆದರೆ ಏಳೆಂಟು ನೂರು ವರ್ಷದ ಮೇಲೂ ಹಾಜಿಗಳಿಗೆ ಆ ನೀರು ಸಿಕ್ಕಿದ್ದು ದುರಸ್ತಿಯಿಂದ.

ಇಸ್ಲಾಮೀ ನ್ಯಾಯಶಾಸ್ತ್ರ ಈ ವಿಷಯದಲ್ಲಿ ಚರಿತ್ರೆಕಾರರಿಗಿಂತ ಎಚ್ಚರವಾಗಿತ್ತು. ಹನಫೀ ಪಂಥದ ಪ್ರಮುಖ ಗ್ರಂಥ 'ಹಿದಾಯ' 12ನೇ ಶತಮಾನದ್ದು. ವಕ್ಫ್ ಆಸ್ತಿಯ ಆದಾಯದಲ್ಲಿ ಮೊದಲ ಪಾಲು ಆ ಆಸ್ತಿಯ ದುರಸ್ತಿಗೇ ಹೋಗಬೇಕೆಂಬ ನಿಯಮ ಅದರಲ್ಲಿದೆ. ವಕ್ಫ್ ಮಾಡಿದವನು ಹಾಗೆಂದು ಬರೆದಿರಲಿ, ಬಿಟ್ಟಿರಲಿ, ದುರಸ್ತಿ ಮುಗಿದ ಮೇಲೆಯೇ ಫಲಾನುಭವಿಗಳಿಗೆ ಹಂಚಿಕೆ. ಕಾರಣ ಸರಳ. ದಾನ ನಿರಂತರವಾಗಿ ನಡೆಯಬೇಕೆಂಬುದು ದಾನಿಯ ಉದ್ದೇಶ. ವಸ್ತುವೇ ಉಳಿಯದಿದ್ದರೆ ದಾನ ಉಳಿಯುವುದೆಲ್ಲಿ? ನಮ್ಮ ಊರುಗಳಲ್ಲಿ ಮಸೀದಿಗೆ ಹೊಸ ಮಿನಾರು ಎತ್ತಲು ಚಂದಾ ಸುಲಭವಾಗಿ ಕೂಡುತ್ತದೆ. ವುಜೂ ಮಾಡುವ ಹೌಜಿನ ಪಕ್ಕದ ಸೋರುವ ನಲ್ಲಿಗಳಿಗೆ ವಾಷರ್ ಹಾಕಿಸಲು ಯಾರೂ ಮುಂದೆ ಬರುವುದಿಲ್ಲ. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವುಜೂವಿಗೆ ನೀರು ಪೋಲು ಮಾಡಬಾರದೆಂಬ ಪೈಗಂಬರರ ಬೋಧನೆಯನ್ನು ಕೇಳಿ ಬೆಳೆದವರು ನಾವು. ನಲ್ಲಿ ಮಾತ್ರ ರಾತ್ರಿಯಿಡೀ ತೊಟ್ಟಿಕ್ಕುತ್ತಿರುತ್ತದೆ. ಹಿದಾಯದ ನಿಯಮದ ಪ್ರಕಾರ ನೋಡಿದರೆ ವಾಷರು ಮೊದಲು, ಮಿನಾರು ಆಮೇಲೆ.

ಹನಫೀ ತೀರ್ಪುಗಳನ್ನು ಒಟ್ಟುಗೂಡಿಸಿದ 'ಫತಾವಾ ಆಲಂಗೀರಿ'ಯನ್ನು ಬರೆಸಿದವನು ಔರಂಗಜೇಬ್. 1686ರ ಸೆಪ್ಟೆಂಬರಿನಲ್ಲಿ, ವರ್ಷಕ್ಕೂ ಮಿಕ್ಕಿದ ಮುತ್ತಿಗೆಯ ನಂತರ ವಿಜಯಪುರವನ್ನು ಗೆದ್ದವನೂ ಅವನೇ. ಗೆದ್ದವನು ಕೊಳವೆಗಳನ್ನು ಒಡೆಸಿದ ಎಂದು ನಾವು ಹೇಳುತ್ತಿಲ್ಲ. ಆದದ್ದು ಅದಕ್ಕಿಂತ ಸಾಮಾನ್ಯವಾದದ್ದು, ಅದಕ್ಕಿಂತ ಕೆಟ್ಟದ್ದು. ರಾಜಧಾನಿ ರಾಜಧಾನಿಯಾಗಿ ಉಳಿಯಲಿಲ್ಲ. ಮುತ್ತಿಗೆಯ ಬೆನ್ನಿಗೇ ಬಂದ ಪಿಡುಗಿನಲ್ಲಿ ಬಹಳ ಜನ ಸತ್ತರು, ಉಳಿದವರಲ್ಲಿ ಬಹಳಷ್ಟು ಮಂದಿ ಊರು ಬಿಟ್ಟರು. ಕೊಳವೆಯ ಕೆಲಸದವನಿಗೆ ಸಂಬಳ ಕೊಡುವ ದಫ್ತರು ಮುಚ್ಚಿತು. ಆಮೇಲೆ ನಿಜಾಮ, ಪೇಶ್ವೆ, 1818ರ ನಂತರ ಬ್ರಿಟಿಷರು. ಒಂದೊಂದಾಗಿ ಗಂಜ್‌ಗಳ ತಳದಲ್ಲಿ ಹೂಳು ತುಂಬಿತು. 1876-78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಆಗ ಕಲಾದಗಿ ಜಿಲ್ಲೆಯೆನ್ನುತ್ತಿದ್ದ ಈ ಸೀಮೆಯ ಜನ ಹುಳುಗಳಂತೆ ಸತ್ತರು. ಒಂದು ಕಾಲಕ್ಕೆ ಮಹಾನಗರಕ್ಕೆ ನೀರು ಕೊಟ್ಟ ವ್ಯವಸ್ಥೆ ಅವರ ಕಾಲ ಕೆಳಗೇ ಹೂತುಹೋಗಿತ್ತು. 1880ರ ದಶಕದಲ್ಲಿ ಬ್ರಿಟಿಷರು ಜಿಲ್ಲೆಯ ಕೇಂದ್ರವನ್ನು ವಿಜಯಪುರಕ್ಕೆ ತಂದು ಹಳೆಯ ಮಹಲುಗಳಲ್ಲಿ ಕಚೇರಿಗಳನ್ನು ತೆರೆದರು. ಮಹಲುಗಳಿಗೆ ಹೊಸ ಒಡೆಯರು ಸಿಕ್ಕರು, ಕೊಳವೆಗಳಿಗೆ ಸಿಗಲಿಲ್ಲ.

ಬೀದರಿನ ಕತೆ ಇದಕ್ಕಿಂತ ಸ್ವಲ್ಪ ವಾಸಿ. ಬಹಮನಿ ಅಹ್ಮದ್ ಶಾಹ ವಲಿ 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಬೀದರು ಜಂಬಿಟ್ಟಿಗೆ ಕಲ್ಲಿನ ಎತ್ತರದ ದಿಣ್ಣೆ. ಮಳೆನೀರು ಆ ಕಲ್ಲಿನಲ್ಲಿ ಬಸಿದು ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಇರಾನಿನ ಜೊತೆ ನಂಟಿದ್ದ ಬಹಮನಿಗಳು ಅಲ್ಲಿನ ಕಾರೇಜ್ ವಿದ್ಯೆಯನ್ನು ತಂದು ಈ ನೀರನ್ನು ಸುರಂಗದಲ್ಲಿ ಹರಿಸಿದರು. ನೌಬಾದಿನ ಕಾರೇಜ್, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಅವುಗಳ ಹೆಸರು. ಒಂದು ಪಾರ್ಸಿ, ಒಂದು ಸಂಸ್ಕೃತ, ಒಂದು ದಖನಿ. ನೀರಿಗೆ ಯಾವ ಭಾಷೆಯಾದರೇನು. ಕಾಲ ಕಳೆದಂತೆ ಮೇಲಿನ ಕಂಡಿಗಳು ಕಸದ ಗುಂಡಿಗಳಾದವು, ಕೆಲವು ಮುಚ್ಚಿಯೇ ಹೋದವು. ಭೂಗೋಳ ವಿದ್ವಾಂಸ ವಿ. ಗೋವಿಂದನ್‌ಕುಟ್ಟಿಯವರು ಸುರಂಗದ ದಾರಿಯನ್ನು ಗುರುತಿಸಿ ಅಧ್ಯಯನ ಮಾಡಿದರು. 2015ರ ಸುಮಾರಿಗೆ ಜಿಲ್ಲಾಡಳಿತವೂ ಊರಿನ ಯುವಕರೂ ಸೇರಿ ನೌಬಾದಿನ ಕಾರೇಜಿನ ಹೂಳೆತ್ತಿಸಿದಾಗ ಸುರಂಗದಲ್ಲಿ ನೀರು ಕಂಡಿತು. ದಖನ್ನಿನ ಪ್ರಾಚೀನ ಜಲವ್ಯವಸ್ಥೆಗಳು 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೂ ಸೇರಿದವು. ಐನೂರು ವರ್ಷದ ಮೇಲೆ ಒಂದು ಸುರಂಗ ಮತ್ತೆ ನೀರು ಕೊಡುತ್ತದೆಂದರೆ ಅದರ ಗುಟ್ಟು ಕಂಡಿಗಳಲ್ಲಿದೆ. ಮನುಷ್ಯ ಇಳಿಯಬಹುದಾದ ಕಂಡಿಗಳು ಇಲ್ಲದಿದ್ದರೆ ಅದನ್ನು ಯಾರೂ ಸ್ವಚ್ಛ ಮಾಡಲು ಆಗುತ್ತಿರಲಿಲ್ಲ.

ಬೀದರ ಕೋಟೆಯಲ್ಲಿ ಶಾಹಿ ಹಮಾಮು ಕೂಡ ಇದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಜಾಗ ಸಿಕ್ಕಿದ್ದು ಈ ಕಟ್ಟಡದಲ್ಲೇ. ಹಮಾಮುಗಳ ಕ್ರಮ ಬಲ್ಲವರಿಗೆ ಗೊತ್ತಿರುತ್ತದೆ. ಕೆಳಗೆ ಒಲೆ, ಅದರ ಬಿಸಿಗಾಳಿ ಟೊಳ್ಳು ನೆಲದಡಿ ಹಾಯ್ದು ಗೋಡೆಯೊಳಗಿನ ಹೊಗೆದಾರಿಯಿಂದ ಹೊರಗೆ. ಬಿಸಿನೀರು ತಣ್ಣೀರಿನ ಮಣ್ಣಿನ ಕೊಳವೆಗಳು ಗೋಡೆಯಲ್ಲೇ ಅಡಗಿರುತ್ತವೆ. ನೋಡಲು ಸೊಗಸು. ಆದರೆ ಗೋಡೆಯೊಳಗಿನ ಕೊಳವೆ ಕಟ್ಟಿಕೊಂಡರೆ ಗೋಡೆಯನ್ನೇ ಒಡೆಯಬೇಕು. ಕಾರೇಜಿಗೆ ಮತ್ತೆ ನೀರು ಬಂತು, ಹಮಾಮು ವಸ್ತುಸಂಗ್ರಹಾಲಯವಾಯಿತು. ಇದಕ್ಕೆ ಬೇರೆ ಕಾರಣಗಳೂ ಇವೆ, ಬಾದಶಾಹನೇ ಇಲ್ಲದ ಮೇಲೆ ಶಾಹಿ ಸ್ನಾನ ಯಾರಿಗೆ? ಆದರೂ ನಮ್ಮ ಇಂದಿನ ಮನೆಗಳಲ್ಲಿ ಪೈಪು ಕಣ್ಣಿಗೆ ಬೀಳಬಾರದೆಂದು ಎಲ್ಲವನ್ನೂ ಗೋಡೆಯಲ್ಲಿ ಹುಗಿದು ಮೇಲೆ ಟೈಲ್ಸ್ ಹಚ್ಚುವುದನ್ನು ನೋಡಿದಾಗ ಈ ಹಮಾಮು ನೆನಪಾಗುತ್ತದೆ. ಅವರು ದೊರೆಗಳು, ಗೋಡೆ ಒಡೆಸಿ ಮತ್ತೆ ಕಟ್ಟಿಸಬಲ್ಲವರು. ನಾವು ಬ್ಯಾಂಕ್ ಸಾಲದಲ್ಲಿ ಮನೆ ಕಟ್ಟಿದವರು.

ಮೈಸೂರು ಸೀಮೆಯಲ್ಲಿ ಕೆರೆಯ ತೂಬು ಎತ್ತಿ ಇಳಿಸಿ, ಕಾಲುವೆ ತಿದ್ದಿ, ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುತ್ತಿದ್ದವನು ನೀರುಗಂಟಿ. ಬಹಳ ಕಡೆ ದಲಿತರ ಪಾಲಿಗೆ ಬಂದಿದ್ದ ಕೆಲಸ. ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಒಂದು ತುಂಡು ಇನಾಮು ಭೂಮಿ ಅವನ ಸಂಬಳ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ ಇಂಥ ವಂಶಪಾರಂಪರ್ಯ ಹುದ್ದೆಗಳು ಹೋದವು. ಜಾತಿಗೆ ಕಟ್ಟಿಹಾಕಿದ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ಕೆರೆ ನೋಡಿಕೊಳ್ಳುವ ಹೊಣೆ ಅವನ ಜೊತೆಗೇ ಹೋಯಿತು. ಈಗ ಪಂಚಾಯ್ತಿಯಲ್ಲಿ ಮೋಟಾರು ಆನ್ ಮಾಡಿ ವಾಲ್ವು ತಿರುಗಿಸುವವನಿಗೆ ಅದೇ ನೀರುಗಂಟಿ ಎಂಬ ಹೆಸರು ಉಳಿದಿದೆ.

ಮುಸಲ್ಮಾನರ ಪಾಲಿಗೆ ಬಂದ ದುರಸ್ತಿ ಕಸುಬುಗಳು ಬೇರೆ ಬಗೆಯವು. ಕಲಾಯಿ, ಸಾಣೆ, ಬೀಗ, ಛತ್ರಿ, ಡಬ್ಬದ ಬೆಸುಗೆ, ಪಿಂಜಾರರ ಹತ್ತಿ ಎಕ್ಕುವ ಕೆಲಸ, ಆಮೇಲೆ ಸೈಕಲ್ ಶಾಪು, ಪಂಚರ್, ವೆಲ್ಡಿಂಗ್, ಮೋಟಾರ್ ರಿವೈಂಡಿಂಗ್. ಹೊಲವಿಲ್ಲದವನು, ಅಂಗಡಿಯ ಬಂಡವಾಳವಿಲ್ಲದವನು ಹಿಡಿಯಬಹುದಾದದ್ದು ಊರವರ ಹಳೆಯ ಸಾಮಾನುಗಳನ್ನೇ. ಕಲಾಯಿಯವನು ಊರ ಮುಂದೆ ಸಣ್ಣ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲ ಬೆಂಕಿಯಲ್ಲಿ ಪಾತ್ರೆ ಕಾಯಿಸುತ್ತಿದ್ದ. ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಮೂಗಿಗೆ ಅಡರುತ್ತಿತ್ತು. ತವರದ ತುಂಡು ಕರಗಿಸಿ ಹತ್ತಿಯ ಉಂಡೆಯಿಂದ ಉಜ್ಜಿದರೆ ಕಿಲುಬು ಹಿಡಿದ ತಪ್ಪಲೆಯ ಒಳಗು ಬೆಳ್ಳಿಯಂತೆ ಹೊಳೆಯುತ್ತಿತ್ತು. ತಾಮ್ರದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಅದು ವಿಷವಾಗದಂತೆ ತಡೆಯುತ್ತಿದ್ದದ್ದು ಆ ತೆಳು ಲೇಪ. ಇನ್ನೊಬ್ಬರ ಮನೆಯ ಅಡುಗೆ ಪಾತ್ರೆಯನ್ನು ಒಳಗೆ ಕೈಹಾಕಿ ಉಜ್ಜುತ್ತಿದ್ದ ಕೈ ಮುಸಲ್ಮಾನನದೆಂಬುದು ಎಷ್ಟೋ ಮಡಿವಂತ ಮನೆಗಳಿಗೂ ಅಡ್ಡಿಯಾಗಲಿಲ್ಲ. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಎಂದುಕೊಂಡಿರಬಹುದು, ಅಥವಾ ಬೇರೆ ದಾರಿ ಇರಲಿಲ್ಲ. ಸೌಹಾರ್ದದ ಭಾಷಣಗಳಲ್ಲಿ ದರ್ಗಾ ಉರುಸುಗಳ ಮಾತು ಬರುತ್ತದೆ, ತಪ್ಪಲೆಯ ಮಾತು ಬರುವುದಿಲ್ಲ. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಗುಂಡಿಗಳು ಮುಚ್ಚಿಹೋದವು.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ, ನಮ್ಮಲ್ಲಿ ಮನೆಮನೆಗೆ ಗಂಗೆ ಎಂದು ಕರೆಯುವ ಯೋಜನೆಯಲ್ಲಿ, ಹಳ್ಳಿಹಳ್ಳಿಗೂ ಕೊಳವೆ ಹೂತಿದ್ದಾರೆ. ಒಳ್ಳೆಯ ಕೆಲಸ. ಬಿಂದಿಗೆ ಹೊತ್ತು ಸವೆದ ಹೆಂಗಸರ ಕಣ್ಣಿನಿಂದ ನೋಡಿದರೆ ಇದಕ್ಕಿಂತ ದೊಡ್ಡ ಕೆಲಸವಿಲ್ಲ. ಉದ್ಘಾಟನೆಯ ಕಲ್ಲುಗಳ ಮೇಲೆ ಹೆಸರುಗಳಿಗೂ ಕೊರತೆಯಿಲ್ಲ. ಇಪ್ಪತ್ತು ವರ್ಷದ ಮೇಲೆ ಇದೇ ಗಡಸು ನೀರು ಆ ಕೊಳವೆಗಳ ವಾಲ್ವುಗಳಲ್ಲಿ ಸುಣ್ಣ ಕಟ್ಟಿದಾಗ ಯಾವ ಗಂಜ್‌ನಲ್ಲಿ ಇಳಿದು ನೋಡಬೇಕು? ಅದಕ್ಕೆ ಇಳಿಯುವವನ ಸಂಬಳವನ್ನು ಯಾವ 'ಹಿದಾಯ'ದಲ್ಲಿ ಬರೆದಿಟ್ಟಿದ್ದಾರೆ?

ದೊಡ್ಡಉಳ್ಳಾರ್ತಿಯ ಮನೆಯಲ್ಲಿ ಕೊನೆಗೆ ಗೋಡೆಯೊಳಗಿನ ಕಬ್ಬಿಣದ ಪೈಪನ್ನೆಲ್ಲ ಹಾಗೇ ಬಿಟ್ಟರು. ಅದನ್ನು ಕೀಳಹೋದರೆ ಗೋಡೆ ಉಳಿಯುವುದಿಲ್ಲ. ಹೊಸ ಪೈಪನ್ನು ಗೋಡೆಯ ಹೊರಗೆ, ಕ್ಲಾಂಪು ಹೊಡೆದು, ಎಲ್ಲರಿಗೂ ಕಾಣುವಂತೆ ಎಳೆದರು. ಬಿಸಿನೀರಿನದಕ್ಕೆ ಶಾಖ ತಡೆಯುವ ಬೇರೆ ಜಾತಿಯ ಪೈಪು. ಎರಡು ಕಡೆ ಬಿಚ್ಚಿ ತೊಳೆಯಲು ಬರುವಂತೆ ಯೂನಿಯನ್ ಹಾಕಿ ಎಂದು ನಾವೇ ಹೇಳಬೇಕೆಂದಿದ್ದೆವು, ಅಷ್ಟರಲ್ಲಿ ಕೆಲಸದವರೇ ಹಾಕಿಬಿಟ್ಟಿದ್ದರು. "ಈ ನೀರಿಗೆ ವರ್ಷಕ್ಕೊಂದ್ಸಲ ಬಿಚ್ಲೇಬೇಕು ಸಾರ್" ಎಂದರು. ಬಾಯ್ಲರಿಗೆ ಬೆಸುಗೆ ಹಾಕುವವರು ಚಳ್ಳಕೆರೆಯಲ್ಲೂ ಸಿಗಲಿಲ್ಲ. ಮೂಲೆಯಲ್ಲಿ ಬೋರಲು ಹಾಕಿಟ್ಟಿದ್ದಾರೆ. ಗುಜರಿಗೆ ಕೊಡೋಣವೆಂದು ಮಗ, ಬೇಡವೆಂದು ತಾಯಿ.

ಹೊರಡುವಾಗ ನಾವು ಕೆಲಸದವರ ಹೆಸರು ಕೇಳಿ ಬರೆದುಕೊಂಡೆವು. ಅವರು ನಕ್ಕು, "ನನ್ನ ಹೆಸರು ಯಾಕೆ ಸಾರ್, ಫೋನ್ ನಂಬರ್ ಬರ್ಕೊಳ್ಳಿ" ಎಂದರು. ಗೆಳೆಯರ ತಾಯಿ ಇದ್ದಿಲ ಚೂರಿನಿಂದ ಬಚ್ಚಲ ಬಾಗಿಲ ಹಿಂದೆ ಎರಡನ್ನೂ ಬರೆದರು.